ಎಸ್ ಅಕ್ಷರದ ಎರಡು ಬಾಟಲಿ

ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಆ ಶನಿವಾರ ನೆನಪಾಗುತ್ತದೆ. ಹುಣಸೂರಿನ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಹಿರಿಯರು ಸೋಡಿಯಂ ಬಾಟಲಿಗೆ ಸೀಮೆಎಣ್ಣೆ ತುಂಬುತ್ತಿದ್ದರು. ಆ ಲೋಹ ಎಣ್ಣೆಯಲ್ಲಿ ಮುಳುಗಿಯೇ ಇರಬೇಕು, ನೀರು ತಾಕಿದರೆ ಹೊತ್ತಿಕೊಳ್ಳುತ್ತದೆ. ನಾನು ಸಿಂಕಿನ ಬಳಿ ಟೆಸ್ಟ್‌ಟ್ಯೂಬ್ ತೊಳೆಯುತ್ತಿದ್ದೆ. ನಮ್ಮಿಬ್ಬರದೂ ಅಟೆಂಡರ್ ಕೆಲಸವೇ. ಅವರು ಹನಗೋಡಿನವರು, ಓದಿದ್ದು ಏಳನೇ ಕ್ಲಾಸು. ನಾನು ಪಿಯುಸಿ ಸೈನ್ಸ್ ಪಾಸಾದವಳು.

ಆದರೂ ಲೆಕ್ಚರರ್ ಸಾಹೇಬರು ಒಳಗೆ ಬಂದವರೇ ನನ್ನನ್ನು ದಾಟಿ ನೋಡುತ್ತಿದ್ದರು. "ಈ ಹೊಸ ಬಾಟ್ಲಿ ಎಲ್ಲಿಡ್ಲಿ ಸಾರ್?" ಎಂದು ನಾನು ಕೇಳಿದರೆ, "ಅಣ್ಣನ್ನ ಕೇಳ್ಬುಡಮ್ಮ" ಎನ್ನುತ್ತಿದ್ದರು. ಪ್ರಾಕ್ಟಿಕಲ್‌ಗೆ ಬರುತ್ತಿದ್ದ ಹುಡುಗಿಯರೂ ಅಷ್ಟೇ. ಆ ಮಾತು ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು…

ಬೀರುಗಳಲ್ಲಿ ಅಣ್ಣನ ಜೋಡಣೆಯೇ ಬೇರೆ. ಆಸಿಡ್‌ಗಳು ಕೆಳಗೆ, ಪ್ಲಾಸ್ಟಿಕ್ ಟ್ರೇಯಲ್ಲಿ. ಸ್ಪಿರಿಟ್, ಅಸಿಟೋನ್‌ಗೆ ಬೇರೆ ಬೀರು. ಸೋಡಿಯಂ ನಲ್ಲಿಯಿಂದ ದೂರ, ಒಂಟಿಯಾಗಿ. "ಮದ್ವೆ ಪಂಕ್ತೀಲಿ ಆಗ್ದೋರನ್ನ ಅಕ್ಕಪಕ್ಕ ಕೂರ್ಸ್ತೀವಾ? ಅಂಗೇ ಕಣವ್ವ ಇದೂವೆ" ಎನ್ನುತ್ತಿದ್ದರು.

ಆ ಶನಿವಾರದ ಮರುದಿನದಿಂದ ಅವರಿಗೆ ಒಂದು ವಾರ ರಜೆ. ಊರಿನಲ್ಲಿ, ಬ್ಯಾರನ್ ಎಂಬ ಬಿಸಿ ಗೂಡಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೆಲಸವಿತ್ತು. ಆ ವಾರ ನಾನು ಬೀರುಗಳನ್ನೆಲ್ಲ ಖಾಲಿ ಮಾಡಿ, ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ಓದಿದವಳ ಕೆಲಸ ಎಲ್ಲರಿಗೂ ಕಾಣಲಿ ಎಂಬುದೊಂದೇ ಆಸೆ.

ಅಣ್ಣ ವಾಪಸು ಬಂದ ದಿನ ಬೀರು ತೆಗೆದು ಹಾಗೇ ನಿಂತರು.

"ಯಾರವ್ವ ಇವ್ರಿಬ್ರನ್ನ ಒಂದೇ ಎಲೆಗೆ ಕೂರ್ಸಿದ್ದು?"

ಸೋಡಿಯಂ ಪಕ್ಕದಲ್ಲೇ ಸಲ್ಫ್ಯೂರಿಕ್ ಆಸಿಡ್ ಇತ್ತು, ಒಂದಕ್ಕೊಂದು ತಾಕಿದರೆ ಸಿಡಿಯುವ ಜೋಡಿ. ಆಸಿಡ್ ಜಿನುಗಿ ಬಾಟಲಿಯ ಬುಡದಲ್ಲಿ ಮರದ ಹಲಗೆ ಸುಟ್ಟು ಕಪ್ಪಾಗಿತ್ತು.

"ಎರಡೂ ಎಸ್ಸಿಂದ ಶುರುವಾಗ್ತವಲ್ಲಣ್ಣ" ಎಂದೆ.

"ಅಕ್ಷರ ಬಾಟ್ಲಿ ಮೇಲೈತೆ ಕಣವ್ವ. ಒಳಗಿರೋದು ಅದ್ನ ಓದಿಲ್ಲ."

ಅವರು ಮೊದಲು ಸೋಡಿಯಂ ತೆಗೆದು ದೂರದ ಮೇಜಿನ ಮೇಲಿಟ್ಟರು. ಆಮೇಲೆ ಮಿಕ್ಕ ಬಾಟಲಿಗಳನ್ನು ಒಂದೊಂದಾಗಿ ಇಳಿಸತೊಡಗಿದರು. ಅಷ್ಟರಲ್ಲಿ ಸಾಹೇಬರು ಬಂದು, ಇದೇನು ರಾಮಾಯಣ ಎಂದು ಕೇಳಿದರು. ನನ್ನದು ಟೆಂಪರರಿ ಕೆಲಸ, ಅದು ಹೋಗಲು ಅಣ್ಣನ ಒಂದು ಮಾತು ಸಾಕಿತ್ತು.

"ಬೀರು ಒರ್ಸ್ತಿದ್ದೀವಿ ಸಾರ್. ಧೂಳು ಕೂತಿತ್ತು" ಎಂದರು ಅಣ್ಣ.

ಅವತ್ತು ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನಷ್ಟು ಹೊಟ್ಟೆಕಿಚ್ಚು. ದೊಡ್ಡತನದಲ್ಲೂ ಈ ಮನುಷ್ಯ ನನಗಿಂತ ಮುಂದೆ ಹೋದರಲ್ಲ ಎಂದು… ಆಮೇಲೆ ಅವರೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಅವರು ಏನನ್ನೂ ಬಚ್ಚಿಡದೆ ಕಲಿಸಿದರು, ನಾನು ಮುಖ ಬಿಗಿದುಕೊಂಡೇ ಕಲಿತೆ.

ಹೋದ ವರ್ಷ ಅಣ್ಣ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ತಪ್ಪಾಯಿತು ಎಂಬ ಮಾತು ಬಾಯಲ್ಲೇ ಉಳಿಯಿತು.

ಈಗ ಸಾಹೇಬರು, ಹುಡುಗಿಯರು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನನಗೆ ಬೇಕಿದ್ದುದೂ ಅದೇ. ಆದರೆ ನಾನು ಇಟ್ಟದ್ದು ಸರಿಯೇ ಎಂದು ಕೇಳಲು ನನಗೆ ಯಾರೂ ಇಲ್ಲ.