ತಾಳದ ಗಡಿಯಾರ

ಕಳೆದ ವಾರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಫ್ಯಾನಿನ ವಾಯರು ಸುಟ್ಟಿತು. ಉಳಿದವರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಆ ವಾಸನೆ ಬಂದರೆ ನನಗೆ ನಮ್ಮ ಪೇಟಿ ಮಾಸ್ತರರೇ ಕಣ್ಣೆದುರು ಬರುತ್ತಾರೆ...

ರಬಕವಿಯ ನಮ್ಮ ಓಣಿಯಲ್ಲಿ ಅವರು ಹಾರ್ಮೋನಿಯಂ ಕಲಿಸುತ್ತಿದ್ದರು. ಮೇಜಿನ ಮೇಲೆ ಕಟ್ಟಿಗೆಯದೊಂದು ಗೋಪುರದಂಥ ಪೆಟ್ಟಿಗೆ. ಕೀಲಿ ತಿರುವಿದರೆ ಅದರ ಕಡ್ಡಿ ಅತ್ತಿತ್ತ ಓಲಾಡುತ್ತ ಟಕ್ ಟಕ್ ಎಂದು ಲಯ ಹಿಡಿಯುತ್ತಿತ್ತು. ಮೆಟ್ರೊನೋಮ್ ಎಂಬ ಹೆಸರು ಗೊತ್ತಾದದ್ದು ಆಮೇಲೆ; ನಮಗದು ತಾಳದ ಗಡಿಯಾರ. ನಾಟಕ ಕಂಪನಿಯೊಂದು ಹೊಸ ನಟರ ಹಾಡು ತಿದ್ದಲು ಮುಂಬೈಯಿಂದ ತರಿಸಿದ್ದಂತೆ. ಕಂಪನಿ ಮುಚ್ಚಿದಾಗ ಅಲ್ಲಿ ಪೇಟಿ ನುಡಿಸುತ್ತಿದ್ದ ಮಾಸ್ತರರ ತಂದೆ ಅದನ್ನು ಎದೆಗವಚಿಕೊಂಡು ಊರಿಗೆ ಬಂದರಂತೆ. ಕೈತಾಳ ಇರುವಾಗ ಇದರ ಹಂಗೇಕೆಂದು ಭಜನೆಯ ಹಿರಿಯರು ನಗುತ್ತಿದ್ದರು.

ಮಗ್ಗದ ಸದ್ದಿನಲ್ಲಿ ಬೆಳೆದ ನಮಗೆ ಹಾಡಿಗೆ ಕುಳಿತರೆ ಮೈ ತಾನಾಗಿ ತೂಗುತ್ತಿತ್ತು. ಮಾಸ್ತರರಿಗೆ ಅದು ಸೇರುತ್ತಿರಲಿಲ್ಲ.

“ಅಲ್ಲಾಡೂದು ಆ ಕಡ್ಡಿ ಕೆಲಸ. ನೀ ಯಾಕ ತೂಗ್ತಿ ಬೇ, ಮನ್ಯಾಗ ಜೋಕಾಲಿ ಇಲ್ಲೇನು?”

ಅವರು ಮಾತ್ರ ಕಂಬದಂತೆ ಕೂತು ನುಡಿಸುತ್ತಿದ್ದರು.

ಮುಂದೆ ಕರೆಂಟಿನ ತಾಳಪೆಟ್ಟಿಗೆ ಬಂತು. ಒಂದು ಸಂಜೆಯ ಭಜನಾ ಕಾರ್ಯಕ್ರಮದಲ್ಲೂ ಅದನ್ನೇ ಹಚ್ಚಿದ್ದರು. ಮಳೆ ಬಂದು ಹೋಗಿತ್ತು, ವೇದಿಕೆಯ ಜಮಖಾನೆ ಹಸಿಯಾಗಿತ್ತು. ಮಾಸ್ತರರು ಮೈಕಿನ ಕಂಬ ತಗ್ಗಿಸಲು ಕೈಯಿಟ್ಟರು. ಕೈ ಅಲ್ಲೇ ಉಳಿಯಿತು. ಮೈ ಅಲ್ಲಾಡತೊಡಗಿತು. ಪೆಟ್ಟಿಗೆಯ ತಾಳ ನಡೆದೇ ಇತ್ತು. ಜನ ಚಪ್ಪಾಳೆ ತಟ್ಟಿದರು.

“ಮಾಸ್ತರಿಗೆ ಇವತ್ತ ರಂಗ ಏರೈತಿ,” ಎಂದ ನನ್ನ ಪಕ್ಕದಲ್ಲಿದ್ದ ಕಾರ್ಯಕ್ರಮದ ಮುಖಂಡ, ಮೊಬೈಲು ಎತ್ತಿ ಹಿಡಿದು.

ಮಾಸ್ತರರು ಎಂದೂ ಅಲ್ಲಾಡುವವರಲ್ಲ. ಕರೆಂಟ್ ಹಿಡದೈತಿ ಎಂದು ಕೂಗಿದೆ.

“ಸುಮ್ನ ಕುಂಡ್ರ ಬೇ, ವಿಡಿಯೋದಾಗ ನಿನ್ನ ದನಿ ಬರಾಕತ್ತೈತಿ.”

ಜನರನ್ನು ತುಳಿದುಕೊಂಡು ಹೋಗಿ, ಮೈಕಿಗೂ ಪೆಟ್ಟಿಗೆಗೂ ಹೋದ, ಸುಟ್ಟು ನಾರುತ್ತಿದ್ದ ವಾಯರು ಕಿತ್ತೆ. ತಾಳ ನಿಂತಿತು. ಮಾಸ್ತರರು ಪೇಟಿಯ ಮೇಲೆ ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು... ಈಗಲೂ ಕಣ್ಣು ಮುಚ್ಚಿದರೆ ಆ ವಾಯರು ಕೈಗೆ ಸಿಗುವುದಿಲ್ಲ.

ಮರುದಿನ ಆ ವಿಡಿಯೋ ದುಃಖದ ರಾಗ ಹಚ್ಚಿಕೊಂಡು ಮನೆಮನೆಗೆ ಬಂತು. ಶ್ರದ್ಧಾಂಜಲಿ ಸಭೆಯಲ್ಲಿ ಫೋಟೋಕ್ಕೆ ಮಾಲೆ ಹಾಕಿದವನೂ ಅದೇ ಮುಖಂಡ. ಒರೆಸಿಟ್ಟ ಅದೇ ತಾಳಪೆಟ್ಟಿಗೆಗೆ ಎಲ್ಲರೂ ಭಜನೆ ಹಾಡಿದರು, ಹಾಯಾಗಿ ತೂಗುತ್ತ. ನನಗೆ ಹೇಸಿಕೆ ಬಂದು ಎದ್ದು ಬಂದೆ.

ತಾಳದ ಗಡಿಯಾರವನ್ನು ಅವರ ಹೆಂಡತಿ ನನಗೇ ಕೊಟ್ಟರು. ನಿನ್ನೆ ಮೊದಲ ಸಲ ಕೀಲಿ ತಿರುವಿದೆ. ಅದು ಸರಿಯಾಗಿಯೇ ಇದೆ. ಆದರೆ ಕಡ್ಡಿ ಓಲಾಡತೊಡಗಿದ ಕೂಡಲೇ ಬೆರಳಿನಿಂದ ಒತ್ತಿ ಹಿಡಿದೆ. ತಿರುವಿದ ಸ್ಪ್ರಿಂಗು ಬಿಚ್ಚಿಕೊಳ್ಳಲು ಒಳಗೇ ಚಡಪಡಿಸುತ್ತಿತ್ತು... ಬೆರಳು ಬಿಡಲಾಗಲಿಲ್ಲ.