ನಾರ್ಬರ್ಟ್ ಎರಡು ಸಲ ಬರೆದ ಕಟ್ಟಡ

ಕಿನ್ನಿಗೋಳಿಯ ನಾರ್ಬರ್ಟ್ ಲೋಬೊ ಅಬುಧಾಬಿಯ ಒಂದು ಕನ್ಸಲ್ಟೆಂಟ್ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ೧೯೯೩ರಲ್ಲಿ ಅವರ ಮೇಜಿಗೆ ಒಂದು ಸರಕಾರಿ ಕಟ್ಟಡ ಬಂತು. ಕೋಣೆಗಳಿಗೆ ಹೆಸರಿರಲಿಲ್ಲ, ನಂಬರು ಮಾತ್ರ. ಸಂಜೆಯಾದರೆ ಒಬ್ಬ ಅಧಿಕಾರಿ ಬಂದು ಬರೆದ ಹಾಳೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದ. ಅದು ಗುಪ್ತಚರ ಇಲಾಖೆಯ ಮುಖ್ಯ ಕಚೇರಿ ಎಂಬುದು ಆರು ತಿಂಗಳಲ್ಲಿ ಆಫೀಸಿನ ಎಲ್ಲರಿಗೂ ತಿಳಿಯಿತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ನಾರ್ಬರ್ಟ್ ಹೆಂಡತಿ ಎಲ್ಸಿಗೂ ಹೇಳಲಿಲ್ಲ. ಮೂರು ವರ್ಷ ಅದೊಂದನ್ನೇ ಬರೆದರು.

ಕಟ್ಟಡ ಎದ್ದಿತು, ಸ್ವಲ್ಪ ದಿನಕ್ಕೆ ಆಫೀಸು ಮುಚ್ಚಿತು. ಹೊಸ ಕೆಲಸಕ್ಕೆ ಹೋದಲ್ಲೆಲ್ಲ ಆ ಮೂರು ವರ್ಷ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ತೋರಿಸಲು ಒಂದು ಹಾಳೆಯೂ ಇರಲಿಲ್ಲ. ಕಡೆಗೆ ದುಬೈಯ ಅಲ್ ಕುಸೈಸಿನಲ್ಲಿ, ಗೋದಾಮುಗಳಿಗೆ ಕಬ್ಬಿಣದ ರ್‍ಯಾಕ್ ಮಾಡುವ ಕಂಪನಿಯೊಂದನ್ನು ಸೇರಿ, ರ್‍ಯಾಕ್‌ಗಳನ್ನು ಬರೆಯುತ್ತ ಉಳಿದರು.

೨೦೦೪ರಲ್ಲಿ ಹಾಶಿಮ್ ಫೋನ್ ಮಾಡಿದರು. ಉಳ್ಳಾಲದವರು, ಹಳೆಯ ಪರಿಚಯ, ಈಗ ಆ ಕಟ್ಟಡದ ಪ್ಲಂಬಿಂಗ್ ಫೋರ್‌ಮನ್. ಊರಿನಲ್ಲಿ ಕ್ರೈಸ್ತರನ್ನು ಕರೆಯುವಂತೆ ನಾರ್ಬರ್ಟರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದರು.

"ಪೊರ್ಬುಗಳೇ, ಬೇಸ್‌ಮೆಂಟಲ್ಲಿ ನೀರು ನಿಲ್ತಾ ಉಂಟು. ಪೈಪು ಎಲ್ಲಿ ಹೋಗಿದೆ ಅಂತ ಗೊತ್ತಾಗುವುದಿಲ್ಲ. ಡ್ರಾಯಿಂಗ್ ಎಲ್ಲ ಸೆಕ್ಯೂರಿಟಿ ಅಂತ ಅವರೇ ಸುಟ್ಟಿದ್ದಾರಂತೆ."

"ನನಗೆ ನೆನಪಿರ್ತದಾ ಮಾರಾಯ್ರೇ? ಹತ್ತು ವರ್ಷ ಆಯ್ತು."

"ಬರೆದವರಲ್ಲಿ ನೀವೊಬ್ಬರೇ ಈ ದೇಶದಲ್ಲಿ ಉಳಿದದ್ದು."

ಶುಕ್ರವಾರ, ವಾರದ ರಜೆಯಂದು, ನಾರ್ಬರ್ಟ್ ಅಬುಧಾಬಿಗೆ ಹೋದರು. ಅವರು ತೋರಿಸಿದ ಗೋಡೆ ಒಡೆದರೆ ಏನೂ ಇರಲಿಲ್ಲ. ಜೊತೆಗಿದ್ದ ಇಲಾಖೆಯ ಅಧಿಕಾರಿ ಗಡಿಯಾರ ನೋಡಿಕೊಂಡ. ನಾರ್ಬರ್ಟ್ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದರು. ಕೊನೆಯ ತಿಂಗಳಲ್ಲಿ ಮೇಲಿನ ಶೌಚಾಲಯವನ್ನು ಎರಡು ಮೀಟರ್ ಸರಿಸಲು ಆದೇಶ ಬಂದದ್ದು ನೆನಪಾಯಿತು. ಎದ್ದು ಅಷ್ಟೇ ದೂರ ಅಳೆದು ಗುರುತು ಹಾಕಿದರು. ಅಲ್ಲಿ ತುಕ್ಕು ಹಿಡಿದ ವಾಲ್ವ್ ಸಿಕ್ಕಿತು.

"ಖಲಾಸ್!" ಎಂದರು ಹಾಶಿಮ್.

ಖಲಾಸ್ ಆಗಲಿಲ್ಲ. ಇಡೀ ಕಟ್ಟಡದ ಪೈಪುಗಳನ್ನು ಮತ್ತೆ ಬರೆದುಕೊಡಬೇಕು ಎಂದ ಅಧಿಕಾರಿ. ಅದಕ್ಕೆ ಇನ್ನೂ ನಾಲ್ಕು ಶುಕ್ರವಾರ ಹೋಯಿತು. ಎರಡನೇ ಮಹಡಿಯ ಕೋಣೆಯೊಂದರಲ್ಲಿ, ರಜೆಯ ದಿನವೂ, ಆರು ಜನ ಟ್ಯೂಬ್‌ಲೈಟಿನ ಕೆಳಗೆ ಫೈಲು ಬಿಡಿಸಿಕೊಂಡಿದ್ದರು. ಕಿಟಕಿ ತಲೆಗಿಂತ ಎತ್ತರದಲ್ಲಿತ್ತು. ವಯಸ್ಸಾದ ಗುಮಾಸ್ತನೊಬ್ಬ ಹಿಂದಿಯಲ್ಲಿ ಗೊಣಗಿದ: ಇದನ್ನು ಬರೆದವನು ಒಂದು ದಿನ ಇಲ್ಲಿ ಕೂರಬೇಕಿತ್ತು, ಹೊರಗೆ ಬಿಸಿಲೋ ಧೂಳೋ ನಮಗೆ ತಿಳಿಯುವುದಿಲ್ಲ.

ಕಿಟಕಿ ಮೇಲೇರಿಸಿದ್ದು ಆದೇಶದಂತೆ. ಆದರೂ ಗೆರೆ ಎಳೆದದ್ದು ತನ್ನ ಕೈ. ನಾರ್ಬರ್ಟ್ ಮುಂದಿನ ಕೋಣೆಗೆ ನಡೆದರು.

ಕೊನೆಯ ದಿನ ಅಧಿಕಾರಿ ಚಹಾ ತರಿಸಿದ. ಈ ಕೆಲಸ ನಾನು ಮಾಡಿದ್ದು ಎಂದು ಒಂದು ಕಾಗದ ಸಿಗಬಹುದೇ ಎಂದು ನಾರ್ಬರ್ಟ್ ಕೇಳಿದರು. ಸಿಗುವುದಿಲ್ಲ ಎಂದು ಆತ ಬೇಸರದಿಂದಲೇ ಹೇಳಿದ.

"ಇನ್ನೊಮ್ಮೆ ಕೇಳಬೇಕಿತ್ತು ನೀವು," ಎಂದರು ಹಾಶಿಮ್, ಬಸ್ ಸ್ಟ್ಯಾಂಡಿಗೆ ಬಿಡುವಾಗ.

"ನನಗೆ ಐವತ್ತನಾಲ್ಕಾಯ್ತು. ಇನ್ನು ಯಾರಿಗೆ ತೋರಿಸುವುದು?"

ನಾರ್ಬರ್ಟ್ ಬಸ್ಸಿನಲ್ಲಿ ದುಬೈವರೆಗೂ ನಿದ್ದೆ ಮಾಡಿದರು.

ನಾಲ್ಕು ವರ್ಷದ ಮೇಲೆ ಇಲಾಖೆ ಬೇರೆ ಜಾಗಕ್ಕೆ ಹೋಯಿತು, ಕಟ್ಟಡದಲ್ಲಿ ಇನ್ನಾವುದೋ ಕಚೇರಿ ಬಂತು. ಹಾಶಿಮ್‌ರಿಂದ ತಿಳಿದ ಸಂಜೆ ನಾರ್ಬರ್ಟ್ ಎಲ್ಸಿಗೆ ಎಲ್ಲ ಹೇಳಿದರು.

"ಅದಾ? ಅಬುಧಾಬಿಯಲ್ಲಿ ಇಗರ್ಜಿಗೆ ಪ್ರಾರ್ಥನೆಗೆಂದು ಹೋಗುವಾಗ ಪ್ರತಿವಾರ ಅದರ ಮುಂದೆಯೇ ಹೋಗ್ತಿದ್ದೆವಲ್ಲ. ಒಂದು ಮಾತು ಹೇಳಲಿಲ್ಲ ನೀವು."

"ಹೌದು," ಎಂದು ಅವರು ಶೂ ಬಿಚ್ಚಿ, ಸೋಫಾದಲ್ಲೇ ಕಾಲು ಚಾಚಿದರು.