ಮೋಡದಲ್ಲಿ ಮುಚ್ಚಿಟ್ಟ ಪಾದಗಳು

ಮಗಳು ಊಟದ ಮೇಜಿನ ಮೇಲೆ ಬಣ್ಣದ ಡಬ್ಬಿ ತೆರೆದಿಟ್ಟು, ಬ್ಯಾಲೆ ಕ್ಲಾಸಿನ ಷೂ ಹುಡುಕುತ್ತಿದ್ದಾಳೆ. ಒದ್ದೆ ಜಲವರ್ಣದ ವಾಸನೆ ನಿಮಗೂ ಗೊತ್ತಿರುತ್ತದೆ. ನನಗೆ ಅದರ ಬೆನ್ನಿಗೇ ಇದ್ದಿಲಿನ ವಾಸನೆಯೂ ಬರುತ್ತದೆ.

ಮೈಸೂರಿನಲ್ಲಿ ಅಪ್ಪನದು ಇಸ್ತ್ರಿ ಗಾಡಿ. ನಾನು ಬಟ್ಟೆ ಕೊಡಲು ಹೋಗುತ್ತಿದ್ದ ಒಂದು ಮನೆಯ ಹಜಾರದಲ್ಲಿ ಸಂಜೆ ಭರತನಾಟ್ಯದ ಪಾಠ. ಬಾಗಿಲಲ್ಲೇ ನಿಂತು ನೋಡಿ, ಗಾಡಿಗೆ ಮರಳಿ, ಆರಿದ ಇದ್ದಿಲಿನಿಂದ ಹಳೇ ಪೇಪರಿನ ಮೇಲೆ ಆ ಹುಡುಗಿಯರನ್ನು ಬರೆಯುತ್ತಿದ್ದೆ. ಕಣ್ಣು, ಕೈ ಎಲ್ಲ ಬರುತ್ತಿತ್ತು. ಪಾದ ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ನನ್ನ ನರ್ತಕಿಯರೆಲ್ಲ ಎತ್ತರದ ಹುಲ್ಲಿನಲ್ಲೇ ಕುಣಿದರು!

ಒಂದು ದಿನ ಅಪ್ಪ ಅವಸರದಲ್ಲಿ ಅದೇ ಪೇಪರಿನಲ್ಲಿ ಆ ಮನೆಯವರ ರೇಷ್ಮೆ ಸೀರೆ ಸುತ್ತಿಬಿಟ್ಟರು. “ಇಸ್ತ್ರಿಯವನ ಮಗಳಿಗೆ ಚಿತ್ರ ಯಾಕೆ ಬೇಕು? ಸೀರೆಯೆಲ್ಲ ಮಸಿ!” ಎಂದರು ಆ ಮನೆಯಾಕೆ. ಅಂದಿಗೆ ಚಿತ್ರ ನಿಂತಿತು. ಓದು ನಿಲ್ಲಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ.

ಕಳೆದ ಭಾನುವಾರ, ನಾವೀಗ ಇರುವ ಈಸ್ಟ್ ಬ್ರನ್ಸ್‌ವಿಕ್‌ನಿಂದ ಮಗಳನ್ನೂ ಪಕ್ಕದ ಮನೆಯ ವತ್ಸಲಾ ಆಂಟಿಯನ್ನೂ ಕರೆದುಕೊಂಡು ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಯೂರೋಪಿನ ಯಾವುದೋ ರಾಜಕುಮಾರಿ ಚಿಕ್ಕವಳಿದ್ದಾಗ ಬರೆದ ಬ್ಯಾಲೆ ನರ್ತಕಿಯರ ಜಲವರ್ಣಗಳು, ಚಿನ್ನದ ಚೌಕಟ್ಟಿನಲ್ಲಿ.

“ರಾಜರಕ್ತ ಕಣೇ. ಕಲೆ ಹುಟ್ತಾನೇ ಬಂದ್ಬಿಟ್ಟಿರುತ್ತೆ,” ಎಂದರು ಆಂಟಿ. “ನೋಡು, ಎಲ್ರೂ ಮೋಡದ ಮೇಲೇ ತೇಲ್ತಿದಾರೆ!”

ಬಗ್ಗಿ ನೋಡಿದೆ. ಒಬ್ಬಳಿಗೂ ಪಾದವಿಲ್ಲ.

“ತೇಲ್ತಿಲ್ಲ ಆಂಟಿ. ಈ ಹುಡುಗಿಗೆ ಪಾದ ಬರೆಯೋಕೆ ಬಂದಿಲ್ಲ, ಅಷ್ಟೇ.”

“ಅಮ್ಮಾ, ಪ್ಲೀಸ್! ಎವ್ರಿವನ್ ಈಸ್ ಲುಕಿಂಗ್,” ಎಂದಳು ಮಗಳು.

ನೋಡಲಿ. ರಾಜಕುಮಾರಿಯ ಮೇಲೆ ನನಗೆ ಕೋಪವಿಲ್ಲ. ಅವಳೂ ನನ್ನಂತೆ ದೂರದಿಂದ ಆಸೆಪಟ್ಟು ನೋಡಿದವಳೇ. ಅವಳ ಮೋಡಕ್ಕೆ ಗಾಜು ಹಾಕಿಸಿದರು, ನನ್ನ ಹುಲ್ಲಿಗೆ ಮಸಿ ಎಂದರು. ಅದನ್ನು ನಂಬಿ ಇಷ್ಟು ವರ್ಷ ಸುಮ್ಮನೆ ಕೂತಿದ್ದೆನಲ್ಲ, ಕೋಪ ಅದಕ್ಕೆ.

ಮಗಳಿಗೆ ಷೂ ಸಿಕ್ಕಿದೆ. “ಹಾಕ್ಕೋಬೇಡ, ಹಾಗೇ ನಿಂತ್ಕೋ,” ಎಂದು ಅವಳ ಕುಂಚ ಎತ್ತಿಕೊಂಡೆ. ಮೊದಲು ಪಾದಗಳನ್ನೇ ಬರೆದೆ.

“ಅಮ್ಮಾ, ದಟ್ಸ್ ಎ ಪೊಟೇಟೊ!”

“ಆಲೂಗಡ್ಡೆನೇ ಇರ್ಲಿ. ನೆಲದ ಮೇಲಿದೆಯಲ್ಲ?”

ಅದರ ಕೆಳಗೆ ‘ಇಸ್ತ್ರಿಯವನ ಮಗಳು’ ಎಂದು ಸಹಿ ಹಾಕಿದ್ದೇನೆ. ಒಣಗಿದ ಮೇಲೆ ಹಾಲ್‌ನಲ್ಲಿ, ಡಿಗ್ರಿ ಸರ್ಟಿಫಿಕೇಟಿನ ಪಕ್ಕದಲ್ಲೇ ತೂಗುಹಾಕುತ್ತೇನೆ. ಸಂಜೆ ವತ್ಸಲಾ ಆಂಟಿ ಕಾಫಿಗೆ ಬರುತ್ತಾರೆ; ಅದರ ಎದುರಿನ ಕುರ್ಚಿಯಲ್ಲೇ ಕೂರಿಸುತ್ತೇನೆ.